ಹನ್ನೆರಡನೇ ಮೆಟ್ಟಿಲ ಮೇಲಿನ ಆನೆ

ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಾಡುವವರ ಹೆಸರು ಬ್ಯಾನರಿನಲ್ಲೇ ಇರುತ್ತದೆ. ಕೀಬೋರ್ಡಿನವನ ಹೆಸರನ್ನು ನಿರೂಪಕ ಮೈಕಿನಲ್ಲಿ ಕೂಗುತ್ತಾನೆ. ಡ್ರಮ್ಸ್‌ನವನು ಸದ್ದು ಮಾಡಿ ತನ್ನ ಪರಿಚಯ ತಾನೇ ಮಾಡಿಕೊಳ್ಳುತ್ತಾನೆ. ಇವರೆಲ್ಲರ ಹಿಂದೆ, ಸೀರಿಯಲ್ ಸೆಟ್ಟಿನ ಬೆಳಕು ಮುಗಿಯುವ ಕಡೆ, ನಾಲ್ಕೇ ತಂತಿಯ ಉದ್ದನೆ ಗಿಟಾರು ನೇತುಹಾಕಿಕೊಂಡು ಒಬ್ಬ ನಿಂತಿರುತ್ತಾನೆ. ಅವನು ನುಡಿಸುತ್ತಿದ್ದಾನೋ, ಗಿಟಾರಿನ ಕಾವಲಿಗೆ ನಿಂತಿದ್ದಾನೋ ಮುಂದಿನ ಸಾಲಿನವರಿಗೂ ತಿಳಿಯುವುದಿಲ್ಲ. ಅವನು ನಿಲ್ಲಿಸಿದಾಗ ಮಾತ್ರ ಹಾಡಿಗೆ ಏನೋ ಆಯಿತಲ್ಲ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ನನ್ನ ಸ್ಥಾನಮಾನವೂ ಹೆಚ್ಚುಕಡಿಮೆ ಇದೇ ಆದ್ದರಿಂದ ಬಾಸ್ ಗಿಟಾರಿನ ಮೇಲೆ ನನಗೆ ಮೊದಲಿನಿಂದಲೂ ಮಮತೆ. ವ್ಯತ್ಯಾಸ ಒಂದೇ. ನಾನು ನಿಲ್ಲಿಸಿದರೆ ಮನೆಯವರಿಗೆ ಸಮಾಧಾನವಾಗುತ್ತದೆ.

1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಎರಡೂ ಸಿನಿಮಾಗಳಿಗೆ ಇಳಯರಾಜಾ ಅವರ ಸಂಗೀತ. ಊರೆಲ್ಲ ಆ ಹಾಡುಗಳನ್ನು ಗುನುಗಿದರೆ ನಾನು ಅವುಗಳ ಬಾಸ್ ಗುನುಗುತ್ತಿದ್ದೆ. ಬಾಸ್ ಗುನುಗುವವನ ಪಕ್ಕದ ಸೀಟು ಚಾಮರಾಜನಗರದ ಬಸ್ಸಿನಲ್ಲಿ ಖಾಲಿಯಾಗಿಯೇ ಇರುತ್ತಿತ್ತು. ಆ ಅನುಕೂಲವನ್ನು ನಾನು ಪ್ರತಿಭೆಯೆಂದು ತಿಳಿದುಕೊಂಡು ಈ ವಯಸ್ಸಿಗೆ ಬಂದೆ. ಈಗ ಹರವೆಯಲ್ಲಿ ಮನೆ, ಪಕ್ಕದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ. ಸುತ್ತಮುತ್ತ ಅರಿಶಿನ, ಬಾಳೆ, ಸಣ್ಣ ಈರುಳ್ಳಿ. ಬಾಸ್ ಗಿಟಾರು ಮಾತ್ರ ಯಾರೂ ಬೆಳೆಯುವುದಿಲ್ಲ. ಹಾಗಾಗಿ ಮನೆಯಲ್ಲೇ ಮಾಡುವುದೆಂದು ತೀರ್ಮಾನಿಸಿದೆ.

ಬರೀ ಬಾಸ್ ಆಗಿದ್ದರೆ ನನ್ನಾಕೆ ಸಹಿಸುತ್ತಿದ್ದಳೇನೋ. ನನಗೆ ಅದರೊಳಗೇ ಸಿಂಥ್ ಪಿಕಪ್ ಬೇಕಾಗಿತ್ತು. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಎಲ್ಲ ತಂತಿಗಳ ಸದ್ದೂ ಕಲೆತು ಒಂದೇ ವೈರಿನಲ್ಲಿ ಹೋಗುತ್ತದೆ. ಸಿಂಥ್ ಪಿಕಪ್ಪಿನಲ್ಲಿ ಹಾಗಲ್ಲ. ಒಂದೊಂದು ತಂತಿಗೂ ಒಂದೊಂದು ಕಿವಿ. ಆ ಕಿವಿ ಕೇಳಿದ ಸ್ವರ ಯಾವುದೆಂದು ಒಂದು ಚಿಪ್ಪು ಲೆಕ್ಕ ಹಾಕಿ, ಅದೇ ಸ್ವರವನ್ನು ಕೊಳಲಿನಲ್ಲೋ ಪಿಟೀಲಿನಲ್ಲೋ ನಾಗಸ್ವರದಲ್ಲೋ ನುಡಿಸುತ್ತದೆ. ಜಪಾನಿನ ರೋಲ್ಯಾಂಡ್ ಕಂಪನಿ 1977ರಲ್ಲೇ ಜಿಆರ್-500 ಎಂಬ ಗಿಟಾರ್ ಸಿಂಥಸೈಸರ್ ತಂದಿತ್ತು. ಬಾಸಿಗೆಂದೇ ಮಾಡಿದವು ಆಮೇಲೆ ಬಂದವು. ಹಿಂದಿನ ಸಾಲಿನ ಮನುಷ್ಯ ನಿಂತಲ್ಲೇ ನಿಂತು ನಾಗಸ್ವರ ಊದಿದರೆ ಆಮೇಲೆ ಯಾರು ಕಡೆಗಣಿಸುತ್ತಾರೆ?

“ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದ್ರು ಕಣೇ. ರೇಡೆಲ್ ಅಂತ. ಆಮೇಲೆ ಡಿಜಿಟಲ್ ವೀಣೆನೂ ಮಾಡಿದ್ರು,” ಎಂದು ಪೀಠಿಕೆ ಹಾಕಿದೆ.

“ಅವರು ಎಂಜಿನಿಯರು. ಮೇಲಾಗಿ ಕೊಳಲು ವಿದ್ವಾಂಸರು. ನೀವು?”

“ಲಿಯೋ ಫೆಂಡರ್ ಅಂತ ಅಮೆರಿಕದವನು. 1951ರಲ್ಲಿ ಪ್ರಿಸಿಷನ್ ಬಾಸ್ ಮಾಡಿ ಜಗತ್ತಿನ ಸಂಗೀತವನ್ನೇ ಬದಲಾಯಿಸಿದ. ಅವನಿಗೆ ಗಿಟಾರ್ ನುಡಿಸೋಕೇ ಬರ್ತಿರಲಿಲ್ಲ.”

“ನುಡಿಸೋಕೆ ಬರದೇ ಇರೋದೇ ಅರ್ಹತೆ ಆದ್ರೆ ರೀ, ನೀವು ಕಾರ್ಖಾನೆನೇ ತೆಗೀಬಹುದು.”

ಇದನ್ನು ಒಪ್ಪಿಗೆ ಎಂದೇ ದಾಖಲಿಸಿಕೊಂಡೆ.

ಮೊದಲು ಮರ. ವೀಣೆಗಳು ಸಾಮಾನ್ಯವಾಗಿ ಹಲಸಿನ ಮರದವು. ಒಂದೇ ತುಂಡಿನಲ್ಲಿ ಕೊರೆದರೆ ಅದಕ್ಕೆ ಏಕಾಂಡ ವೀಣೆ ಎನ್ನುತ್ತಾರೆ. ನಮ್ಮ ಅಟ್ಟದ ಮೇಲೆ ಅಜ್ಜಿಯ ಕಾಲದ ಹಲಸಿನ ಮಂಚ ಬಿದ್ದಿತ್ತು. ಅದರ ತಲೆಹಲಗೆ ಇಳಿಸಿ ಬಡಗಿ ಆಚಾರ್ರ ಕೈಯಲ್ಲಿ ಒಡಲು ಮಾಡಿಸಿದೆ. ಕತ್ತಿಗೆ ಹಳೇ ಬಾಗಿಲ ಚೌಕಟ್ಟಿನ ತೇಗ ಸಿಕ್ಕಿತು. ಬಾಸಿನ ನಾಲ್ಕು ತಂತಿಗಳನ್ನು ಶ್ರುತಿಗೆ ಬಿಗಿದರೆ ಎಲ್ಲ ಸೇರಿ ಸುಮಾರು 75-80 ಕೆಜಿ ಎಳೆತ. ಎಂದರೆ ಒಬ್ಬ ಉಂಡ ಗಂಡಸು ಹಗಲೂ ರಾತ್ರಿ ಆ ಕತ್ತಿಗೆ ಜೋತುಬಿದ್ದ ಲೆಕ್ಕ. ಅದು ಬಾಗದಿರಲೆಂದು ಒಳಗೆ ಒಂದು ಕಬ್ಬಿಣದ ಸಲಾಕೆ ಇಡಬೇಕು. ಗೇಟು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಅದೂ ಆಯಿತು.

ತೊಂದರೆ ಬಂದದ್ದು ಬೆರಳಾಡುವ ಪಟ್ಟಿಗೆ. ಅದಕ್ಕೆ ಬೀಟೆಯೇ ಆಗಬೇಕು. ನಮ್ಮ ಪಶ್ಚಿಮಘಟ್ಟದ ಕಾಡಿನ ಬೀಟೆ ಪ್ರಪಂಚದ ಗಿಟಾರುಗಳ ಮೇಲೆಲ್ಲ ಕೂತಿದೆ. 2017ರ ಜನವರಿಯಲ್ಲಿ ಬೀಟೆಯ ಜಾತಿಯನ್ನೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿಸಿದಾಗ ದೇಶದೇಶಗಳ ಗಿಟಾರ್ ಕಂಪನಿಗಳು ಬಾಯಿ ಬಡಿದುಕೊಂಡವು. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಇಷ್ಟೆಲ್ಲ ಆಗಿ, ಬಂಡೀಪುರದ ಕಾಡಿನ ಮಗ್ಗುಲಲ್ಲೇ ಇರುವ ನನಗೆ ಎರಡಡಿ ಬೀಟೆ ಇಲ್ಲ. ಮರ ಕಡಿಯುವ ಮಾತಂತೂ ಬಾಯಲ್ಲಿ ಆಡುವಂಥದ್ದಲ್ಲ, ಜೈಲಿನಲ್ಲಿ ಬಾಸ್ ನುಡಿಸಲು ಬಿಡುವುದಿಲ್ಲ. ಹೀಗೆ ಯೋಚಿಸುತ್ತಾ ನಡುಮನೆಯಲ್ಲಿ ಕಾಫಿ ಲೋಟ ಕೆಳಗಿಟ್ಟೆ. ಇಟ್ಟದ್ದು ಬೀಟೆಯ ಮೇಲೆ.

ಅದು ನಮ್ಮ ಮದುವೆಗೆ ಮಾವನವರು ಕೊಟ್ಟ ಟೀಪಾಯಿ. ಮೈಸೂರು ಕುಸುರಿ ಕೆಲಸದ್ದು, ಬೀಟೆಯ ಹಲಗೆಯಲ್ಲಿ ಬೇರೆ ಬಣ್ಣದ ಚೂರುಗಳನ್ನು ಕೂರಿಸಿ ಮಾಡಿದ ದಸರಾ ಮೆರವಣಿಗೆ. ಉದ್ದ ಸರಿಯಾಗಿ ಎರಡಡಿ. ಹೆಂಡತಿ ತಂಗಿಯ ಮನೆಗೆ ಹೋಗಿದ್ದಳು. ದೈವೇಚ್ಛೆಯ ಮುಂದೆ ನಾನು ಯಾರು?

ಆಚಾರ್ರು ಮಾತ್ರ ಹಲಗೆ ಹಿಡಿದು ನನ್ನ ಮುಖ ನೋಡಿದರು. “ಮೇಷ್ಟ್ರೇ, ಅಮ್ಮಾವ್ರಿಗೆ ಗೊತ್ತಾ?”

“ಗೊತ್ತಾಗುತ್ತೆ,” ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಮೆಟ್ಟಿಲುಗಳ ಕೆಲಸದಲ್ಲಿ ಆಚಾರ್ರಿಗೂ ನನಗೂ ಜಟಾಪಟಿಯಾಯಿತು. ವೀಣೆಯಾದರೆ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಕಿವಿಗೊಟ್ಟು ಕೇಳಿ, ಬೇಕಾದರೆ ಆಮೇಲೆ ಸರಿಸಿಕೊಳ್ಳಬಹುದು. ಗಿಟಾರಿನಲ್ಲಿ ಗರಗಸದ ಗೆರೆ ಬಿದ್ದರೆ ಬಿತ್ತು. ತಂತಿಯ ಉದ್ದ 864 ಮಿಲಿಮೀಟರು, ಅದನ್ನು 17.817ರಿಂದ ಭಾಗಿಸಿದರೆ 48.5. ಅದು ಮೊದಲ ಮೆಟ್ಟಿಲ ಜಾಗ. ಉಳಿದದ್ದನ್ನು ಮತ್ತೆ 17.817ರಿಂದ ಭಾಗಿಸಿದರೆ ಎರಡನೆಯದು. ಹೀಗೆ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 432ಕ್ಕೆ ಬಂದು ನಿಲ್ಲಬೇಕು. ಇದನ್ನೆಲ್ಲ ಬೋರ್ಡಿನ ಮೇಲೆ ಬರೆಯುವಂತೆ ಹಲಗೆಯ ಮೇಲೆ ಬರೆದು ವಿವರಿಸಿ, ಅರ್ಧ ಮಿಲಿಮೀಟರೂ ಆಚೀಚೆ ಆಗಬಾರದು ಎಂದೆ. ಆಚಾರ್ರು ಕಿವಿಯ ಮೇಲಿನ ಪೆನ್ಸಿಲು ತೆಗೆದು ತೋರಿಸಿದರು. “ನಾ ಎಳ್ಯೋ ಗೆರೇನೇ ಅದಕ್ಕಿಂತ ದಪ್ಪ ಐತಲ್ಲ ಸೋಮಿ.” ಕೊನೆಗೆ ಗೆರೆಯನ್ನು ಬ್ಲೇಡಿನಲ್ಲಿ ಗೀರಿಕೊಂಡೆವು. ಆದರೂ ಏಳನೇ ಮೆಟ್ಟಿಲು ಇವತ್ತಿಗೂ ಒಂದು ಕೂದಲೆಳೆ ಮೇಲೇ ಮಾತಾಡುತ್ತದೆ. ಅದು ಆಚಾರ್ರ ಮೆಟ್ಟಿಲು ಎಂದು ನಾನೂ, ಮೇಷ್ಟ್ರ ಲೆಕ್ಕ ಎಂದು ಅವರೂ ಹೇಳಿಕೊಂಡು ಓಡಾಡುತ್ತಿದ್ದೇವೆ.

ಇನ್ನು ಪಿಕಪ್ಪು. ಬಾಸಿನ ಮೂಲ ದನಿ ಹಿಡಿಯುವ ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ, ಅಷ್ಟೆ. ತಂತಿ 42ನೇ ಗೇಜು, ಕೂದಲಿನಷ್ಟು ತೆಳು. ಸುತ್ತು ಮಾತ್ರ ಹತ್ತು ಸಾವಿರದ ಆಸುಪಾಸು. ಬೋರ್‌ವೆಲ್ ಮೋಟಾರು ಸುಟ್ಟರೆ ಸುತ್ತಿಕೊಡುವ ವೈಂಡಿಂಗ್ ಅಂಗಡಿ ನಮ್ಮ ಕಡೆ ಊರೂರಿಗೂ ಉಂಟು. ಅಂಥ ಒಂದು ಅಂಗಡಿಗೆ ಹೋಗಿ ಕೇಳಿದೆ. ಅವನು ತಂತಿಯನ್ನು ಬೆಳಕಿಗೆ ಹಿಡಿದು, ಇದು ಎಷ್ಟು ಎಚ್‌ಪಿ ಮೋಟಾರಿಗೆ ಸಾರ್ ಎಂದ. ಸಂಗೀತಕ್ಕೆ ಎಂದೆ. ತಂತಿ ವಾಪಸು ಕೊಟ್ಟು, ಒಳಗೆ ಹೋಗಿ ನೀರು ಕುಡಿದ.

ಹಾಗಾಗಿ ಹೊಲಿಗೆ ಮಿಷನ್ನಿಗೆ ಕೈ ಹಾಕಬೇಕಾಯಿತು. ಅದರ ಬಾಬಿನ್ನಿಗೆ ದಾರ ಸುತ್ತುವ ಪುಟ್ಟ ಚಕ್ರವಿದೆಯಲ್ಲ, ಪಿಕಪ್ ಸುತ್ತುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಸಿಗುವುದಿಲ್ಲ. ಅದು ಗೌರಿ ಹಬ್ಬದ ಸಮಯ, ನನ್ನಾಕೆಯ ಮುಂದೆ ಊರವರ ರವಿಕೆಗಳ ರಾಶಿ. ರಾತ್ರಿ ಅವಳು ಮಲಗಿದ ಮೇಲೆ ನಾನು ತುಳಿಯುತ್ತಿದ್ದೆ. ತಂತಿ ಪಟ್ಟೆಂದು ತುಂಡಾದಾಗಲೆಲ್ಲ ಮೊದಲಿನಿಂದ ಶುರು. ಒಂದು ಸಲ ಅರ್ಧಕ್ಕೆ ತುಂಡಾದದ್ದನ್ನು ಬಾಬಿನ್ನಿನಲ್ಲೇ ಬಿಟ್ಟು ಮಲಗಿದೆ. ಬೆಳಿಗ್ಗೆ ಅವಳು ಅದನ್ನು ಜರಿದಾರ ಎಂದುಕೊಂಡು ಕೆಳಗೆ ಹಾಕಿ, ಯಾರದೋ ಕೊಳ್ಳೇಗಾಲ ರೇಷ್ಮೆಯ ರವಿಕೆಯ ತೋಳಿಗೆ ನಾಲ್ಕು ಬೆರಳಷ್ಟು ಹೊಲಿದೇಬಿಟ್ಟಳು. ಆಮೇಲೆ ತಂತಿ ಕಡಿದು, ಸೂಜಿ ಮುರಿದು, ನನ್ನ ಹೆಸರು ಬೀದಿಗೆ ಕೇಳಿಸಿತು. ರವಿಕೆಯ ಯಜಮಾನಿತಿ ಬಂದು ನೋಡಿ, “ಈ ಮಿಂಚೋದು ಇಷ್ಟೇ ಯಾಕ ಹಾಕ್ದಿ? ಇನ್ನೊಂದು ತೋಳ್ಗೂ ಹಾಕ್ಬುಡು,” ಎಂದರು. ನಾನು ಗೆದ್ದವನಂತೆ ಒಳಗೆ ನೋಡಿದೆ. ಒಳಗಿನಿಂದ ಯಾರೂ ನೋಡಲಿಲ್ಲ.

ಸಿಂಥ್‌ನ ಕಿವಿಗಳಿಗೆ ಆಯಸ್ಕಾಂತ ಬೇಡ. ಸಂಗೀತ ಹಾಡುವ ಗ್ರೀಟಿಂಗ್ ಕಾರ್ಡಿನೊಳಗೆ ಹಿತ್ತಾಳೆಯ ತೆಳು ಬಿಲ್ಲೆ ಇರುತ್ತದಲ್ಲ, ಪಿಯೆಜೊ ಎನ್ನುತ್ತಾರೆ, ಅದು ಸಾಕು. ಒತ್ತಿದರೆ ಕರೆಂಟು ಹುಟ್ಟಿಸುವ ಗುಣ ಅದರದು. ಅಡುಗೆಮನೆಯ ಗ್ಯಾಸ್ ಲೈಟರಿನ ಕಿಡಿಯೂ ಇದೇ ಸಂತತಿಯದು. 1880ರಲ್ಲಿ ಪಿಯರ್ ಕ್ಯೂರಿ, ಜಾಕ್ ಕ್ಯೂರಿ ಸೋದರರು ಕಂಡುಹಿಡಿದದ್ದು. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬಿಲ್ಲೆಗಳನ್ನೂ ಚಿಪ್ಪನ್ನೂ ತರಿಸಿ, ಒಂದೊಂದು ತಂತಿಯ ಕುದುರೆಯ ಕೆಳಗೆ ಒಂದೊಂದು ಬಿಲ್ಲೆ ಕೂರಿಸಿದೆ. ಪಿಯೆಜೊಗೆ ಒಂದು ದುರ್ಗುಣ. ತಂತಿಯೊಂದನ್ನೇ ಕೇಳು ಎಂದರೆ ಕೇಳುವುದಿಲ್ಲ, ಎಲ್ಲವನ್ನೂ ಕೇಳುತ್ತದೆ. ಮಿಕ್ಸಿ ತಿರುಗಿದರೆ ಪಿಟೀಲು, ಯಾರಾದರೂ ಬಾಗಿಲು ಬಡಿದರೆ ನಾಗಸ್ವರದ ಒಂದು ಪಲುಕು.

ಕಡೆಗೆ ಒಂದು ರಾತ್ರಿ ಕೊಳಲಿನ ದನಿಗೆ ಇಟ್ಟು, ಆಫ್ ಮಾಡದೆ, ಗೋಡೆಗೆ ಒರಗಿಸಿ ಮಲಗಿದೆ. ನಡುರಾತ್ರಿ ಹಿತ್ತಲಿನ ಬೋರ್‌ವೆಲ್ಲಿಗೆ ಕರೆಂಟು ಬಂದು ಸ್ಟಾರ್ಟರು ತಾನಾಗಿ ಎತ್ತಿಕೊಂಡಿತು. ನಡುಮನೆಯಿಂದ ಒಂದೇ ಸ್ವರದಲ್ಲಿ ದೀರ್ಘವಾದ ಕೊಳಲು ಶುರುವಾಯಿತು.

ಕಾರಣ ಸರಳ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಅಲುಗುತ್ತದೆ. ಬಾಸಿನ ತಗ್ಗು ತಂತಿಯ ಮೂರನೇ ಮೆಟ್ಟಿಲಲ್ಲಿ ಸಿಗುವ ‘ಜಿ’ ಸ್ವರ ಸೆಕೆಂಡಿಗೆ 49 ಸಲ. ಮರೆ ಕಟ್ಟದ ಬಿಲ್ಲೆಗಳು ಗಾಳಿಯಲ್ಲಿರುವ ಕರೆಂಟಿನ ಗುಂಯ್ ಅನ್ನು ಹಿಡಿದು ಕೊಟ್ಟವು, ಚಿಪ್ಪು ಅದನ್ನು ‘ಜಿ’ ಎಂದು ತೀರ್ಪು ಕೊಟ್ಟಿತು. ಇದನ್ನು ನಾನು ಹಾಸಿಗೆಯಲ್ಲೇ ಎದ್ದು ಕೂತು ಮನಸ್ಸಿನಲ್ಲಿ ಲೆಕ್ಕ ಹಾಕುವಷ್ಟರಲ್ಲಿ ಅವ್ವ ಎದ್ದು ಬಂದು, ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ಕೈಮುಗಿದು ನಿಂತಿದ್ದಳು. ಅಲ್ಲಿರುವುದು ವೇಣುಗೋಪಾಲ, ಕೊಳಲು ಹಿಡಿದವನು.

“ಸುಮ್ಕಿರು ಮಗ, ಸೋಮಿ ಊದ್ತಾವ್ನ,” ಎಂದಳು.

ಐವತ್ತು ಹರ್ಟ್ಸ್ ವಿಷಯ ಎತ್ತುವ ಧೈರ್ಯ ಆಗಲಿಲ್ಲ. ಬೆಳಿಗ್ಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಬಾಸಿನ ಹೊಟ್ಟೆಯೊಳಗೆಲ್ಲ ಅಂಟಿಸಿ, ಅದನ್ನು ಮನೆಯ ಅರ್ಥಿಂಗಿಗೆ ಸೇರಿಸಿದೆ. ಅರ್ಥಿಂಗ್ ಎಂದರೆ ಹಿತ್ತಲಿನಲ್ಲಿ ಹೂತ ಕಬ್ಬಿಣದ ಪೈಪು. ಇದ್ದಿಲು, ಉಪ್ಪು ಹಾಕಿ, ಆಗಾಗ ನೀರು ಹೊಯ್ದು ತೇವ ಇಡದಿದ್ದರೆ ಅದು ಕೆಲಸಕ್ಕೆ ಬಾರದು. ದಿನಾ ಬೆಳಿಗ್ಗೆ ಚೊಂಬಿನಲ್ಲಿ ನೀರು ಒಯ್ದು ಪೈಪಿನ ಬುಡಕ್ಕೆ ಹೊಯ್ಯತೊಡಗಿದೆ. ಸ್ವಾಮಿ ಊದಿದ ಮಾರನೇ ದಿನದಿಂದ ಮಗ ಸ್ನಾನ ಮಾಡಿ ಪೈಪಿಗೆ ನೀರೆರೆಯುವುದನ್ನು ಕಂಡ ಅವ್ವನಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ವಾರ ತುಂಬುವಷ್ಟರಲ್ಲಿ ಪೈಪಿಗೆ ಅರಿಶಿನ ಕುಂಕುಮ ಬಿತ್ತು, ಎರಡು ಚೆಂಡು ಹೂವೂ ಬಂದವು. ಅತ್ತ ಅರ್ಥಿಂಗ್ ಭದ್ರವಾದಂತೆ ಇತ್ತ ಕೊಳಲು ನಿಂತಿತು. “ನೀ ಆ ತಗಡು ಅಂಟಿಸ್ಬುಟ್ಟು ಸೋಮಿ ಬಾಯ್ ಕಟ್ಬುಟ್ಟಲ್ಲೊ,” ಎಂದು ಅವ್ವ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ಇಷ್ಟಾದ ಮೇಲೆ ನುಡಿಸುವುದೊಂದು ಬಾಕಿ. ದಸರಾ ರಜಕ್ಕೆ ಮಗಳು ಮೈಸೂರಿನಿಂದ ಬಂದಿದ್ದಳು. ಮನೆಮಂದಿಯನ್ನು ಕೂರಿಸಿ ತಗ್ಗು ತಂತಿಯನ್ನು ಮೀಟಿದೆ. ಏನೂ ಇಲ್ಲ. ಇನ್ನೇನು ಸಮಜಾಯಿಷಿ ಕೊಡಬೇಕು, ಆಗ ಕೊಳಲು ಕೇಳಿತು.

ಇದಕ್ಕೆ ನಾನು ಹೊಣೆಯಲ್ಲ, ಪ್ರಕೃತಿ ನಿಯಮ ಹೊಣೆ. ಬಾಸಿನ ‘ಇ’ ತಂತಿ ಸೆಕೆಂಡಿಗೆ 41 ಸಲ ಅಲುಗುತ್ತದೆ. ಒಂದು ಸಲ ಅಲುಗಲು 24 ಮಿಲಿಸೆಕೆಂಡು. ಇದು ಯಾವ ಸ್ವರ ಎಂದು ತಿಳಿಯಬೇಕಾದರೆ ಚಿಪ್ಪು ಎರಡು ಅಲುಗಾಟವನ್ನಾದರೂ ನೋಡಬೇಕು, ಅಲ್ಲಿಗೆ 48 ಮಿಲಿಸೆಕೆಂಡು ಹೋಯಿತು. ಅಷ್ಟರಲ್ಲಿ ಸದ್ದು ಗಾಳಿಯಲ್ಲಿ ಹದಿನಾರು ಮೀಟರು ದಾಟಿರುತ್ತದೆ. ನಾನು ಜಗುಲಿಯಲ್ಲಿ ಮೀಟಿದರೆ ಹಿತ್ತಲ ಕೊಟ್ಟಿಗೆಯಲ್ಲಿ ಕೂತು ಇನ್ನೊಬ್ಬ ಊದಿದ ಹಾಗೆ. ನಾನು ಜೋಡಿಸಿದ ಚಿಪ್ಪಿಗೆ ಎರಡು ನೋಡಿದರೂ ಅನುಮಾನ, ಮತ್ತೂ ನಾಲ್ಕು ನೋಡುತ್ತದೆ. ದನಿ ಮೇಲೇರಿದಷ್ಟೂ ತಡ ಕಡಿಮೆ. ಅದಕ್ಕೇ ಸಾಮಾನ್ಯ ಗಿಟಾರಿನವರಿಗೆ ಈ ಗೋಳು ಅಷ್ಟಿಲ್ಲ. ಆಸ್ಟ್ರೇಲಿಯಾದ ಸ್ಟೀವ್ ಚಿಕ್ ಎಂಬಾತ ಕಾಯುವ ಗೋಜೇ ಬೇಡವೆಂದು ಮೆಟ್ಟಿಲುಗಳಿಗೇ ವೈರು ಎಳೆದು, ಬೆರಳು ಎಲ್ಲಿದೆಯೆಂದು ಮೊದಲೇ ತಿಳಿಯುವಂಥ ಬಾಸ್ ಮಾಡಿದ. ಜಾಣ. ಅವನ ಮೆಟ್ಟಿಲ ಕೆಳಗೆ ಮಾವನ ಟೀಪಾಯಿ ಇರಲಿಲ್ಲ.

ನಾನು ಇದನ್ನೆಲ್ಲ ವಿವರಿಸಿ ಮುಗಿಸಿದಾಗ ಮಗಳು, “ಅಪ್ಪಾ, ಇದು ಥೇಟ್ ನಿನ್ನ ಥರಾನೇ. ಅಮ್ಮ ಬೈದು ಒಳಗೆ ಹೋದ ಮೇಲೆ ಉತ್ತರ ಕೊಡುತ್ತೆ,” ಎಂದಳು. ತಕ್ಕ ಜವಾಬು ಹೊಳೆಯಿತು, ಅವಳು ಮೈಸೂರಿಗೆ ಹೋದ ಮೇಲೆ.

ಮಾವನವರು ಗುಂಡ್ಲುಪೇಟೆಯಿಂದ ಬಂದದ್ದು ಆಯುಧಪೂಜೆಯ ದಿನ. ಬಾಸನ್ನು ಕಂಬಳಿ ಹೊದಿಸಿ ಮೂಲೆಗಿಟ್ಟಿದ್ದೆ. ಕಾಫಿ ಬಂತು. ಅವರು ಲೋಟ ಹಿಡಿದ ಕೈಯನ್ನು ಎಡಕ್ಕೆ ಇಳಿಸಿದರು. ಅಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷದ ಅಭ್ಯಾಸ, ಕೈ ಗಾಳಿಯಲ್ಲೇ ಸ್ವಲ್ಪ ಹೊತ್ತು ಹುಡುಕಾಡಿತು. ಏನೂ ಮಾತಾಡದೆ ಲೋಟವನ್ನು ತೊಡೆಯ ಮೇಲಿಟ್ಟುಕೊಂಡರು. ಅಷ್ಟರಲ್ಲಿ ಅವ್ವ, ಇದೂ ಆಯುಧವೇ ಎಂದು, ಕಂಬಳಿ ತೆಗೆದು ಬಾಸಿಗೂ ವಿಭೂತಿ ಹಚ್ಚಿದಳು.

ಮಾವನವರು ಎದ್ದು ಹತ್ತಿರ ಬಂದರು. ಕನ್ನಡಕ ಹಾಕಿಕೊಂಡರು. ಕತ್ತಿನ ಉದ್ದಕ್ಕೂ ಬೆರಳಾಡಿಸುತ್ತಾ ಬಂದು ಹನ್ನೆರಡನೇ ಮೆಟ್ಟಿಲ ಹತ್ತಿರ ನಿಂತರು. ಅಲ್ಲಿ ಜಂಬೂಸವಾರಿಯ ಆನೆಯ ಹಿಂಭಾಗ ಉಳಿದುಕೊಂಡಿತ್ತು. ಬಾಲ, ಎರಡು ಕಾಲು, ಹೊಟ್ಟೆಯ ನಡುವೆ ಅಡ್ಡಲಾಗಿ ಒಂದು ಬಿಳೀ ಲೋಹದ ಮೆಟ್ಟಿಲು.

“ಈ ಆನೆ ನನಗೆ ಗೊತ್ತು,” ಎಂದರು.

ನಾನು ಛಾವಣಿ ನೋಡಿದೆ.

“ಇದರ ಮುಖ ಎಲ್ಲಿದೆ ಅಳಿಯಂದಿರೇ?”

ನನ್ನಾಕೆ ಒಳಗೆ ಹೋಗಿ ಬೀರು ತೆಗೆದ ಸದ್ದಾಯಿತು. ಸೀರೆಗಳ ನಡುವೆ ಜೋಪಾನವಾಗಿ ಇಟ್ಟಿದ್ದ ತುಂಡನ್ನು ತಂದು ಅಪ್ಪನ ಕೈಗೆ ಕೊಟ್ಟಳು. ಸೊಂಡಿಲು, ಅಂಬಾರಿಯ ಅರ್ಧ, ಮಾವುತ. ಇಷ್ಟು ದಿನ ಬಾಯಿ ಬಿಡದೆ ಈ ದಿನಕ್ಕಾಗಿಯೇ ಸಾಕ್ಷ್ಯ ಕಾದಿರಿಸಿದ್ದಳು ಎಂದು ಆಗ ತಿಳಿಯಿತು. ಮಾವನವರು ಮುಖವನ್ನು ಹಿಂಭಾಗಕ್ಕೆ ಜೋಡಿಸಿ ಹಿಡಿದು ನೋಡಿದರು. ಗರಗಸದ ದಪ್ಪದಷ್ಟು ಆನೆ ನಡುವೆ ಕಮ್ಮಿಯಾಗಿತ್ತು. “ನುಡಿಸಿ, ನೋಡೋಣ,” ಎಂದರು. ಮೀಟಿದೆ. ಕೊಳಲು ಬರುವಷ್ಟರಲ್ಲಿ ಅವರು ಊಟಕ್ಕೆ ಎದ್ದಿದ್ದರು.

ಇದರ ನಿಜವಾದ ಕಛೇರಿ ನಡೆದದ್ದು ಒಂದು ಸೋಮವಾರ. ನಮ್ಮ ಕಡೆ ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರು ಮನೆಗೆ ಬರುತ್ತಾರೆ. ವಯಸ್ಸಾದ ಒಬ್ಬರು ಬಂದು ಜಗುಲಿಯ ಮೇಲೆ ಕೂತು, ತಂಬೂರಿಯನ್ನು ಹೆಗಲಿಗೆ ಏರಿಸಿ ಶ್ರುತಿ ಮಾಡಿದರು. ಗಗ್ಗರ ಆಡಿಸುತ್ತಾ ಹಾಡು ಎತ್ತಿದರು. ಬಾಸು ಒಳಗೆ ಗೋಡೆಗೆ ಒರಗಿತ್ತು, ಸಿಂಥ್ ಆನ್ ಆಗಿತ್ತು. ಅವರ ತಂಬೂರಿಯ ಶ್ರುತಿಗೂ ನನ್ನ ಬಾಸಿನ ಒಂದು ತಂತಿಗೂ ಹೇಗೋ ತಾಳೆಯಾಯಿತು. ಅಲ್ಲಿ ತಂಬೂರಿ ನುಡಿದರೆ ಇಲ್ಲಿ ತಂತಿ ತಾನೇ ಕಂಪಿಸತೊಡಗಿತು. ಎಂಟನೇ ತರಗತಿಗೆ ಅನುರಣನ ಎಂದು ನಾನೇ ಪಾಠ ಮಾಡುವ ವಿಷಯ. ಸ್ವರ ಒಂದೇ, ಬದಲಾಗುವುದಿಲ್ಲ, ಆದ್ದರಿಂದ ಚಿಪ್ಪಿಗೆ ಅನುಮಾನವಿಲ್ಲ, ತಡದ ಮಾತೂ ಇಲ್ಲ. ಹಾಡಿನ ಅಡಿಯಲ್ಲಿ ಒಂದು ಸಣ್ಣ ಕೊಳಲು ಹದವಾಗಿ ಹಿಡಿದು ನಿಂತಿತು. ಹೆಂಡತಿ ಮೊರದಲ್ಲಿ ಅಕ್ಕಿ ಹಿಡಿದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅವ್ವನ ಕೈ ತಾನಾಗಿ ಬೆಟ್ಟದ ಕಡೆ ಮುಗಿಯಿತು.

ಹಾಡು ಮುಗಿದ ಮೇಲೆ ಆ ಹಿರಿಯರು ಒಳಗೆ ಇಣುಕಿ ಬಾಸನ್ನು ನೋಡಿದರು. “ಇದ ಯಾರು ಮಾಡ್ದೋರು?”

“ನಾನೇ,” ಎಂದೆ, ಎದೆಯುಬ್ಬಿಸಿ.

“ಚೆಂದಾಗಿ ನುಡೀತದ ಬುದ್ಧಿ. ಯಾರೂ ಮುಟ್ದೆ ಇದ್ರ.”

ಆಮೇಲೆ ನಾನು ತಡಕ್ಕೂ ಒಂದು ಉಪಾಯ ಹುಡುಕಿದೆ. ದಪ್ಪ ತಂತಿ ಬಿಚ್ಚಿ ತೆಳು ತಂತಿ ಕಟ್ಟಿ, ಒಂದು ಸ್ಥಾಯಿ ಮೇಲೆ ಶ್ರುತಿ ಮಾಡಿ, ಚಿಪ್ಪಿನೊಳಗೆ ಮತ್ತೆ ಒಂದು ಸ್ಥಾಯಿ ಇಳಿಸುವುದು. ತಡ ಅರ್ಧಕ್ಕೆ ಇಳಿಯಿತು. ಆದರೆ ಬಾಸ್ ಗಿಟಾರಿನಲ್ಲಿ ಬಾಸ್ ತಂತಿಯೇ ಇಲ್ಲವಾಯಿತು. ಅದನ್ನು ಬಾಸ್ ಎನ್ನಲು ನನಗೇ ಸಂಕೋಚ. ಕಡೆಗೆ ದಪ್ಪ ತಂತಿಗಳನ್ನೇ ವಾಪಸು ಕಟ್ಟಿ ಸಿಂಥ್‌ನ ವೈರು ಕಿತ್ತೆ. ಈಗ ಹೊಲಿಗೆ ಮಿಷನ್ನಿನಲ್ಲಿ ಸುತ್ತಿದ ಪಿಕಪ್ಪೊಂದೇ ಕೆಲಸ ಮಾಡುತ್ತಿದೆ. ದನಿ ದುಂಡಗೆ, ಗಟ್ಟಿಯಾಗಿ ಬರುತ್ತದೆ. ಪಕ್ಕದ ಕೋಣೆಗೆ ಕೇಳಿಸುವುದಿಲ್ಲ.

ಸಿಂಥ್‌ನ ಚಿಪ್ಪು, ನಾಲ್ಕು ಪಿಯೆಜೊ ಬಿಲ್ಲೆ, ಉಳಿದ 42ನೇ ಗೇಜಿನ ತಂತಿ ಎಲ್ಲವೂ ಒಂದು ಬಿಸ್ಕತ್ ಡಬ್ಬಿಯಲ್ಲಿವೆ. ಬೇಕಾದವರು ಹರವೆಗೆ ಬಂದು ಮೇಷ್ಟ್ರ ಮನೆ ಎಂದು ಕೇಳಿದರೆ ತೋರಿಸುತ್ತಾರೆ. ದುಡ್ಡು ಬೇಡ, ಬರುವಾಗ ಎರಡಡಿ ಉದ್ದದ ಒಂದು ಟೀಪಾಯಿ ತಂದರೆ ಸಾಕು. ದೀಪಾವಳಿಯೊಳಗೆ ಬಂದರೆ ಇನ್ನೂ ಒಳ್ಳೆಯದು, ಮಾವನವರು ಬರುತ್ತಿದ್ದಾರೆ.